ಎಡಗಾಲಿನವಳನ್ನು ಕೂರಿಸಿದ ದಿನ

ಫೋನ್ ಬಂದಾಗ ನಾನು ಶಾಲೆಯ ಮೈದಾನದಲ್ಲಿ ಸುಣ್ಣದ ಗೆರೆ ಎಳೆಯುತ್ತಿದ್ದೆ. ಮಾತಾಡಿದವರು ಹುಡುಗಿಯರ ಫುಟ್‌ಬಾಲ್ ವಸತಿ ಕೇಂದ್ರವೊಂದಕ್ಕೆ ಮಕ್ಕಳನ್ನು ಆರಿಸುವ ತರಬೇತುದಾರರು. "ನಿಮ್ಮ ಚಳ್ಳಕೆರೆ ಶಾಲೆಯಲ್ಲಿ ಇಬ್ಬರು ಹುಡುಗೀರು ಚೆನ್ನಾಗಿ ಆಡ್ತಾರಂತೆ. ಮೊಳಕಾಲ್ಮೂರಿನವರ ಜೊತೆ ಒಂದು ಮ್ಯಾಚ್ ಇಡಿ, ಬಂದು ನೋಡ್ತೀನಿ. ಆದರೆ ನನ್ನ ಹತ್ತಿರ ಉಳಿದಿರೋದು ಒಂದೇ ಜಾಗ. ಯಾರನ್ನು ಗಮನವಿಟ್ಟು ನೋಡಬೇಕು ಅಂತ ಅಷ್ಟರೊಳಗೆ ನೀವೇ ಯೋಚನೆ ಮಾಡಿಟ್ಟಿರಿ" ಎಂದರು. ಫೋನ್ ಇಟ್ಟು ನೋಡಿದರೆ ನನ್ನ ಗೆರೆ ಪೆನಾಲ್ಟಿ ಬಾಕ್ಸ್ ಬಿಟ್ಟು ಬೇವಿನ ಮರದ ಕಡೆ ಹೋಗಿತ್ತು.

ಗಾಬರಿ ನನಗೆ ಹುಟ್ಟುಗುಣ. ಮಕ್ಕಳನ್ನು ಟೆಂಪೋ ಹತ್ತಿಸಿದರೆ ದಾರಿಯುದ್ದಕ್ಕೂ ತಲೆ ಎಣಿಸುತ್ತೇನೆ, ಚಲಿಸುವ ಗಾಡಿಯಿಂದ ಯಾರೋ ಇಳಿದು ಹೋಗಿರಬಹುದು ಎಂಬಂತೆ. ಪಿ.ಟಿ. ಮೇಡಂ ಎಂದರೆ ಸೀಟಿ ಊದಿಕೊಂಡು ಧೈರ್ಯವಾಗಿ ಇರುವವಳು ಎಂದು ಜನ ತಿಳಿದಿರುತ್ತಾರೆ. ನಾನು ಆಡಿದ್ದು ಖೋ ಖೋ. ಫುಟ್‌ಬಾಲನ್ನು ಕಲಿತದ್ದು ಶಿಬಿರಗಳಲ್ಲಿ, ಆಮೇಲೆ ಈ ಮಕ್ಕಳ ಜೊತೆಯಲ್ಲೇ. ಅಂಥವಳು ಇಬ್ಬರು ಹುಡುಗಿಯರಲ್ಲಿ ಒಬ್ಬಳ ಬಾಳಿಗೆ ಹೂಂ ಎಂದು, ಇನ್ನೊಬ್ಬಳಿಗೆ ಉಹೂಂ ಎನ್ನಬೇಕಾಗಿತ್ತು.

ಇಬ್ಬರೂ ಒಂಬತ್ತನೇ ತರಗತಿಯವರು. ಹೆಸರು ಬೇಡ. ಮೊದಲನೆಯವಳು ಚಳ್ಳಕೆರೆಯ ಆಟೋ ಡ್ರೈವರ್ ಒಬ್ಬರ ಮಗಳು, ಎಡಗಾಲಿನವಳು. ಅರ್ಧ ಮೈದಾನದಿಂದ ಅವಳು ಎಡಗಾಲಲ್ಲಿ ಒದ್ದ ಚೆಂಡು ಗೋಲಿನ ಅಡ್ಡಕಂಬಕ್ಕೆ ತಗುಲಿ ಒಳಗೆ ಬಿದ್ದದ್ದನ್ನು ಯಾರೋ ಮೊಬೈಲಿನಲ್ಲಿ ಹಿಡಿದು ಹಾಕಿದ್ದರು. ಅದು ಊರೂರು ಸುತ್ತಿತು. ಆಮೇಲೆ ಸಂಜೆ ಅಭ್ಯಾಸ ನೋಡಲು ಜನ ಬರತೊಡಗಿದರು. ಬೈಕು ನಿಲ್ಲಿಸಿ, ಸೀಟಿನ ಮೇಲೆ ಒಂದು ಕಾಲು ಮಡಚಿ ಕೂತು, ಅವಳು ಒದೆಯುವ ತನಕ ಕಾದು, ಒದ್ದ ಮೇಲೆ ಎದ್ದು ಹೋಗುತ್ತಿದ್ದರು. ಉಳಿದ ಆಟ ಅವರಿಗೆ ಬೇಕಿರಲಿಲ್ಲ.

ಎರಡನೆಯವಳು ಬಿ.ಜಿ. ಕೆರೆಯಿಂದ ಒಳಗೆ, ಕುರಿ ಸಾಕುವವರ ಹಟ್ಟಿಯಿಂದ ಬಂದವಳು. ಚಳ್ಳಕೆರೆಯ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಮನೆಯಲ್ಲಿ ತೆಲುಗು, ಹೊರಗೆ ಕನ್ನಡ, ಮೈದಾನದಲ್ಲಿ ಮೌನ. ಹಟ್ಟಿಯವಳ ಆಟ ವಿಡಿಯೋಗೆ ಸಿಗುವಂಥದ್ದಲ್ಲ. ಮೊಬೈಲು ಅವಳ ಕಡೆ ತಿರುಗುವಷ್ಟರಲ್ಲಿ ಚೆಂಡು ಅವಳನ್ನು ಬಿಟ್ಟು ಹೋಗಿರುತ್ತಿತ್ತು.

ಮರುದಿನದಿಂದ ಇಬ್ಬರನ್ನೂ ತೂಗಿ ನೋಡಲು ಶುರು ಮಾಡಿದೆ. ಗೋಲಿನ ಮೇಲಿನ ಮೂಲೆಗಳಿಗೆ ಹಳೆಯ ಸೈಕಲ್ ಟೈರು ಕಟ್ಟಿ, ಅದರೊಳಗೆ ಚೆಂಡು ತೂರಿಸಲು ಹೇಳಿದೆ. ಎಡಗಾಲಿನವಳಿಗೆ ಅದು ನೀರು ಕುಡಿದಷ್ಟು ಸುಲಭ. ಹಟ್ಟಿಯವಳ ಚೆಂಡು ಟೈರಿನ ಅಕ್ಕಪಕ್ಕ ತಿರುಗಾಡಿ ಬರುತ್ತಿತ್ತು. ಇನ್ನೊಂದು ಪರೀಕ್ಷೆಗೆ ನಾನೇ ಹುಡುಗಿಯ ಬೆನ್ನ ಹಿಂದೆ ನಿಲ್ಲುತ್ತಿದ್ದೆ. ಎದುರಿನಿಂದ ಯಾರೋ ಅವಳಿಗೆ ಚೆಂಡು ಕೊಟ್ಟ ಕ್ಷಣ ನಾನು ಬೆರಳೆತ್ತುವುದು. ಚೆಂಡು ಕಾಲಿಗೆ ಬರುವ ಮೊದಲು ಅವಳು ಹಿಂದೆ ತಿರುಗಿ ನೋಡಿ ಎಷ್ಟು ಬೆರಳು ಎಂದು ಹೇಳಬೇಕು. ಚೆಂಡು ಬಂದ ಮೇಲೆ ತಲೆ ಎತ್ತಿ ನೋಡುವವರಿಗೆ ಸಮಯ ಸಿಗುವುದಿಲ್ಲ, ಬರುವ ಮೊದಲೇ ನೋಡಿಟ್ಟುಕೊಂಡವರಿಗೆ ಸಮಯವೇ ಸಮಯ.

"ಚೆಂಡು ನೋಡ್ಲಾ, ನಿಮ್ಮ ಬೆರಳು ನೋಡ್ಲಾ ಮಿಸ್?" ಎಂದು ಎಡಗಾಲಿನವಳು ರೇಗಿದಳು. ಅವಳು ಹೇಳಿದ ಬೆರಳೆಲ್ಲ ತಪ್ಪು.

ಹಟ್ಟಿಯವಳು ಒಂದನ್ನೂ ತಪ್ಪಿಸಲಿಲ್ಲ. ಕೊನೆಗೆ, "ಆ ಕೈಯಾಗೆ ಸೀಟಿ ಹಿಡ್ಕಂಡಿದ್ರಲ್ಲ ಮಿಸ್, ಅದನ್ನೂ ಹೇಳ್ಬೇಕಾ?" ಎಂದು ಕೇಳಿದಳು. ಇದನ್ನೆಲ್ಲಿ ಕಲಿತೆ ಎಂದರೆ ಹೆಗಲು ಕುಣಿಸಿದಳು. "ಕುರಿ ರೋಡ್ ದಾಟಿಸುವಾಗ ಮುಂದಷ್ಟೇ ನೋಡಿದ್ರೆ ಹಿಂದಿನ ಮರಿ ಲಾರಿಗೆ ಹೋಗ್ತೈತೆ ಮಿಸ್."

ಇಷ್ಟಕ್ಕೆ ನಿಂತಿದ್ದರೆ ತಕ್ಕಡಿ ಸಮ ಎನ್ನಬಹುದಿತ್ತು. ಆದರೆ ಇಬ್ಬರನ್ನೂ ಎದುರು ಬದಿರು ತಂಡದಲ್ಲಿ ಆಡಿಸಿದ ದಿನ ನನ್ನ ಲೆಕ್ಕವೆಲ್ಲ ಕೆಟ್ಟಿತು. ಇಬ್ಬರೂ ಸಾಧಾರಣವಾಗಿ ಕಂಡರು. ಎಡಗಾಲಿನವಳು ಚೆಂಡಿಗಾಗಿ ಕೈ ಬೀಸಿ ಬೀಸಿ ಸೋತಳು. ಹಟ್ಟಿಯವಳು ಕೊಟ್ಟ ಚೆಂಡುಗಳು ಯಾರೂ ಇಲ್ಲದ ಜಾಗಕ್ಕೆ ಉರುಳಿ ಜಾಲಿಗಿಡ ಸೇರಿದವು. ಅದೇ ಇಬ್ಬರನ್ನು ಒಂದೇ ತಂಡಕ್ಕೆ ಹಾಕಿದೆ. ಯಾರೂ ಇಲ್ಲದ ಜಾಗಕ್ಕೆ ಚೆಂಡು ಹೋಗುವುದಕ್ಕೂ ಎಡಗಾಲಿನವಳು ಅಲ್ಲಿಗೆ ಬರುವುದಕ್ಕೂ ಸರಿಹೋಯಿತು. ಒಬ್ಬಳನ್ನು ಬಿಟ್ಟು ಒಬ್ಬಳನ್ನು ತೂಗುವುದು ಹೇಗೆಂದು ನನಗೆ ಹೊಳೆಯಲಿಲ್ಲ. ಜಾಗ ಮಾತ್ರ ಒಂದೇ.

ನಮ್ಮ ಆಟದ ಸಾಮಾನಿನ ಕೋಣೆಯ ಬಾಗಿಲ ಪಕ್ಕದ ಗೋಡೆಯಲ್ಲಿ ತಿಂಗಳಿಗೊಮ್ಮೆ ಮಕ್ಕಳನ್ನು ನಿಲ್ಲಿಸಿ ಇದ್ದಿಲಿನಿಂದ ಎತ್ತರದ ಗುರುತು ಹಾಕುತ್ತೇನೆ. ಸರಸರನೆ ಉದ್ದವಾಗುವ ಕಾಲದಲ್ಲಿ ಮಕ್ಕಳು ಎಡವುತ್ತಾರೆ, ಚೆಂಡು ತಪ್ಪಿಸುತ್ತಾರೆ, ಕಾಲು ನೋವು ಎನ್ನುತ್ತಾರೆ. ಆಗ ಬೈಯಬಾರದು, ಓಟ ಕಡಿಮೆ ಮಾಡಿಸಬೇಕು. ಆ ತಿಂಗಳು ಹಟ್ಟಿಯವಳ ಗುರುತು ಇದ್ದಲ್ಲೇ ಇತ್ತು. ಎಡಗಾಲಿನವಳದು ಹಿಂದಿನ ಗುರುತನ್ನು ಬಿಟ್ಟು ಮೇಲಕ್ಕೆ ನೆಗೆದಿತ್ತು. ಊರಿನ ಹೊಗಳಿಕೆಯಲ್ಲಿ ಈ ಉದ್ದದ ಪಾಲೆಷ್ಟು, ಆಟದ ಪಾಲೆಷ್ಟು ಎಂದು ಯೋಚಿಸುತ್ತ ನಿಂತಿದ್ದಾಗ ಇನ್ನೊಂದು ಕಣ್ಣಿಗೆ ಬಿತ್ತು. ಪ್ರತಿ ಸಲ ಒದ್ದ ಮೇಲೆ ಅವಳ ಕೈ ಎಡ ಮೊಣಕಾಲಿನ ಕಡೆ ಇಳಿಯುತ್ತಿತ್ತು. ಕಾಲುಚೀಲ ಎಳೆದುಕೊಂಡಂತೆ. ಕಾಲುಚೀಲ ಮಾತ್ರ ಜಾರಿರಲೇ ಇಲ್ಲ.

ಕೇಳಿದರೆ ಹೇಳುವವಳಲ್ಲ. ಅದಕ್ಕೆ ಸೋಮವಾರ ಸಂಜೆ ಅವಳ ಮನೆಗೇ ಹೋದೆ. ಬಾಗಿಲ ಎದುರಿನ ಲೈಟ್ ಕಂಬಕ್ಕೆ ಒಂದು ಟಗರು ಕಟ್ಟಿತ್ತು. ಹಣೆಗೆ ಕುಂಕುಮ, ಕೊರಳಿಗೆ ಬಾಡಿದ ಸೇವಂತಿಗೆ ಹಾರ.

"ಇದ್ಯಾರದು?" ಎಂದೆ.

"ಮಗಳು ಗೆದ್ದಿದ್ದು ಮೇಡಂ" ಎಂದರು ಅವಳ ಅಪ್ಪ. ಆಟೋ ಒರೆಸುತ್ತಿದ್ದ ಬಟ್ಟೆ ಹೆಗಲ ಮೇಲಿತ್ತು. "ನಿನ್ನೆ ಪರಶುರಾಂಪುರದ ಟೂರ್ನಮೆಂಟು. ಗಂಡುಹುಡುಗ್ರ ನಡುವೆ ಇವಳೊಬ್ಳೇ ಹೆಣ್ಣು. ಎರಡು ಗೋಲ್ ಹೊಡೆದ್ಲು. ಜನ ನೋಡ್ಬೇಕಿತ್ತು ನೀವು."

"ನಿನ್ನೆ ಒಂದಿನ ಹೋಗಿದ್ದಾ?"

"ಹೆಂಗಾಗ್ತೈತೆ ಮೇಡಂ, ಭಾನುವಾರ ಬಂದ್ರೆ ಒಂದಲ್ಲ ಒಂದು ಊರಿಂದ ಕರೀತಾರೆ. ಹೋದ ವಾರ ನಾಯಕನಹಟ್ಟಿ. ಮಿಲ್ ಸಾಹುಕಾರ್ರು ಕಾರ್ ಕಳಿಸ್ತಾರೆ."

ಮಿಲ್ ಸಾಹುಕಾರರೆಂದರೆ ಶೇಂಗಾ ಎಣ್ಣೆ ಮಿಲ್ಲಿನ ಮಾಲೀಕರು. ನಮ್ಮ ಮಕ್ಕಳಿಗೆ ಬೂಟು, ಚೆಂಡು ಕೊಡಿಸಿದವರು. ಕೆಟ್ಟವರಲ್ಲ. ನಾನು ವಾರವೆಲ್ಲ ಅವಳನ್ನು ದುಡಿಸುತ್ತಿದ್ದೆ, ಭಾನುವಾರ ಅವರು ಗಟ್ಟಿ ನೆಲದ ಮೇಲೆ ದೊಡ್ಡ ಹುಡುಗರ ನಡುವೆ ಆಡಿಸುತ್ತಿದ್ದರು. ಒಬ್ಬರು ಮಾಡಿದ್ದು ಒಬ್ಬರಿಗೆ ಗೊತ್ತಿಲ್ಲ. ಇಬ್ಬರೂ ದುಡಿಸಿದ್ದು ಗೊತ್ತಿದ್ದದ್ದು ಆ ಮೊಣಕಾಲಿಗೆ ಮಾತ್ರ.

ಎಡಗಾಲಿನವಳನ್ನು ಹೊರಗೆ ಕರೆದು ಟಗರಿನ ಪಕ್ಕ ಕಟ್ಟೆಯ ಮೇಲೆ ಕೂರಿಸಿದೆ. ಮೊಣಕಾಲ ಚಿಪ್ಪಿನ ಕೆಳಗಿನ ಗಂಟಿನ ಮೇಲೆ ಹೆಬ್ಬೆರಳಿಟ್ಟು ಮೆಲ್ಲಗೆ ಒತ್ತಿದೆ. ಕಾಲು ತಟ್ಟನೆ ಹಿಂದಕ್ಕೆ ಹೋಯಿತು. ಆ ಗಂಟು ಇನ್ನೊಂದು ಕಾಲಿನದಕ್ಕಿಂತ ಊದಿತ್ತು.

"ಅಪ್ಪಗೆ ಹೇಳ್ಬ್ಯಾಡ್ರಿ ಮಿಸ್" ಎಂದಳು, ತುಟಿ ಅಲ್ಲಾಡಿಸದೆ.

ಹೇಳಿದೆ. ಮಾರನೆಯ ದಿನ ಅಪ್ಪನ ಆಟೋದಲ್ಲೇ ಮೂವರೂ ಮೂಳೆ ಡಾಕ್ಟರ ಹತ್ತಿರ ಹೋದೆವು. ಅವರು ಎಕ್ಸ್‌ರೇ ಬೆಳಕಿಗೆ ಹಿಡಿದು ತೋರಿಸಿದರು. ಮೂಳೆ ಬೇಗ ಬೆಳೆಯುತ್ತಿದೆ, ತೊಡೆಯ ಸ್ನಾಯು ಅಷ್ಟು ಬೇಗ ಬೆಳೆದಿಲ್ಲ. ಒದೆಯುವಾಗ, ನೆಗೆಯುವಾಗ ಆ ಸ್ನಾಯು ಮೊಣಕಾಲ ಕೆಳಗಿನ ಎಳೆಯ ಮೂಳೆಯನ್ನು ಎಳೆಯುತ್ತದೆ. ಬೆಳೆಯುವ ಮಕ್ಕಳಲ್ಲಿ ಇದು ಹೊಸದಲ್ಲ, ಬಿಡುವು ಕೊಟ್ಟರೆ ತಾನಾಗಿ ಇಳಿಯುತ್ತದೆ. ನೋವಿನ ಮೇಲೆ ನೋವು ಮಾಡಿಕೊಂಡು ಆಡಿದರೆ ಕೆಲವರಿಗೆ ಆ ತುಣುಕು ಕಿತ್ತು ಬರುವುದೂ ಉಂಟು.

"ಎಲ್ಲಾರಿಗೂ?" ಎಂದು ಅಪ್ಪ ಕೇಳಿದರು.

"ಎಲ್ಲಾರಿಗೂ ಅಲ್ಲ. ಅಪರೂಪ."

"ಈ ತಿಂಗಳ ಕೊನೇಗೆ ಒಂದು ಮ್ಯಾಚ್ ಐತ್ರಿ. ಒಂದೇ ಒಂದು."

"ಏನೂ ಆಗದೇ ಇರಬಹುದು" ಎಂದರು ಡಾಕ್ಟರು. "ಆಗಲ್ಲ ಅಂತ ನಾನು ಬರೆದುಕೊಡಲ್ಲ."

ಸತ್ಯವನ್ನೇ ಹೇಳಿದರು, ಆದರೆ ಅದರಿಂದ ನನ್ನ ನಿದ್ದೆ ಹೋಯಿತು. ಕೂಡದು ಎಂದಿದ್ದರೆ ಬೀಗ ಹಾಕಿ ಕೂತುಬಿಡುತ್ತಿದ್ದೆ. 'ಏನೂ ಆಗದೇ ಇರಬಹುದು' ಎಂಬ ಮಾತು ಬಾಗಿಲನ್ನು ಅರ್ಧ ತೆರೆದಿಟ್ಟಿತು.

ಆಸ್ಪತ್ರೆಯಿಂದ ಬರುವಾಗ ಸರ್ಕಲ್ಲಿನಲ್ಲಿ ಆಟೋ ನಿಂತಿತು. ಸಿಗ್ನಲ್ಲೂ ಇಲ್ಲ, ಅಡ್ಡ ಯಾರೂ ಬಂದಿಲ್ಲ. ಅಪ್ಪ ತಲೆ ಹೊರಗೆ ಹಾಕಿ ಮೇಲೆ ನೋಡುತ್ತಿದ್ದರು. ನಾವೂ ನೋಡಿದೆವು. ಎರಡು ಕಂಬಗಳ ನಡುವೆ ದೊಡ್ಡ ಫ್ಲೆಕ್ಸು. ನಡುವೆ ಚೆಂಡಿನ ಮೇಲೆ ಎಡಗಾಲಿಟ್ಟು ನಿಂತ ನಮ್ಮ ಹುಡುಗಿ. ಒಂದು ಮೂಲೆಯಲ್ಲಿ ಕೈಮುಗಿದ ಮಿಲ್ ಸಾಹುಕಾರರು, ಹುಡುಗಿಗಿಂತ ಸ್ವಲ್ಪ ದೊಡ್ಡದಾಗಿ. ಕೆಳಗೆ, 'ಫುಟ್‌ಬಾಲ್ ವಸತಿ ಕೇಂದ್ರಕ್ಕೆ ಆಯ್ಕೆಯಾದ ಚಳ್ಳಕೆರೆಯ ಹೆಮ್ಮೆಯ ಪುತ್ರಿಗೆ ಹಾರ್ದಿಕ ಅಭಿನಂದನೆಗಳು.'

ಮ್ಯಾಚ್ ಇನ್ನೂ ಆಗಿರಲಿಲ್ಲ. ಆರಿಸುವವರು ಇನ್ನೂ ಊರಿಗೇ ಬಂದಿರಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬುದನ್ನು ಗಾದೆಯೆಂದು ತಿಳಿದಿದ್ದೆ, ಹೀಗೆ ಕಂಬಕ್ಕೆ ಕಟ್ಟುತ್ತಾರೆಂದು ತಿಳಿದಿರಲಿಲ್ಲ. ಹುಡುಗಿ ಎಕ್ಸ್‌ರೇ ಲಕೋಟೆಯನ್ನು ತೊಡೆಯ ಮೇಲಿಂದ ತೆಗೆದು ಸೀಟಿನ ಹಿಂದೆ ಸಿಕ್ಕಿಸಿದಳು.

ನಾನು ಮಿಲ್ಲಿಗೆ ಹೋಗಿ ಬಿಚ್ಚಿಸಿ ಎಂದು ಕೇಳಿದೆ. ಸಾಹುಕಾರರು ನನ್ನನ್ನು ಕೂರಿಸಿ ಚಹಾ ತರಿಸಿದರು. "ಹೆಂಗಿದ್ರೂ ಆಗೋದೇ ಅಲ್ವಾ ಮೇಡಂ. ಎರಡು ದಿನ ಮುಂಚೆ ಹಾಕಿಸ್ದೆ, ಅಷ್ಟೇ" ಎಂದರು. ಮೊಣಕಾಲಿನ ವಿಷಯ ಹೇಳಿದೆ. ಮುಖ ಸಣ್ಣದಾಯಿತು. ಭಾನುವಾರದ ಕಾರು ಇನ್ನು ಬರುವುದಿಲ್ಲ ಎಂದು ತಾವಾಗೇ ಹೇಳಿದರು. ಫ್ಲೆಕ್ಸಿನ ಮಾತಿಗೆ ಮಾತ್ರ ಜಗ್ಗಲಿಲ್ಲ. "ಕಟ್ಟಿದ್ದನ್ನ ಬಿಚ್ಚಿದ್ರೆ ಅಪಶಕುನ. ಆ ಮಗೂಗೆ ಹೆಂಗಾಗ್ಬ್ಯಾಡ? ಒಂದು ಮ್ಯಾಚು ಮೇಡಂ. ನೋವಿನ ಗುಳಿಗೆ ಕೊಟ್ಟು ಆಡಿಸ್ರಿ, ಆಮೇಲೆ ವರ್ಷ ರೆಸ್ಟ್ ಮಾಡ್ಲಿ."

ನಿಜ ಹೇಳುತ್ತೇನೆ, ಆ ಮಾತು ನನಗೂ ಹಿಡಿಸಿತು. ಎಷ್ಟು ಜನ ಆಡಿಲ್ಲ ನೋವಿನಲ್ಲಿ? ನಾನೇ ಉಳುಕಿದ ಕಾಲಿಗೆ ಬಟ್ಟೆ ಸುತ್ತಿಕೊಂಡು ಖೋ ಕೊಟ್ಟವಳು. ಬಿಸಿ ತುಪ್ಪ ಬಾಯಲ್ಲಿತ್ತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ನೆಗೆತ, ಓಟ, ಒದೆತ ಎಲ್ಲ ನಿಲ್ಲಿಸಿದೆ. ಐಸ್ ಕ್ಯಾಂಡಿ ಅಂಗಡಿಯಿಂದ ಮಂಜುಗಡ್ಡೆ ತಂದು ಟವೆಲಿನಲ್ಲಿ ಸುತ್ತಿ ದಿನಾ ಸಂಜೆ ಮೊಣಕಾಲಿಗೆ ಹಿಡಿಯುತ್ತಿದ್ದೆ. ಡಾಕ್ಟರು ತೋರಿಸಿದಂತೆ ತೊಡೆಯನ್ನು ನಿಧಾನವಾಗಿ ಎಳೆಸುತ್ತಿದ್ದೆ. ಊತ ಇಳಿಯಿತು. ಅವಳು ಮೆಟ್ಟಿಲನ್ನು ಸರಾಗವಾಗಿ ಹತ್ತತೊಡಗಿದಳು. ಇಳಿದ ಊತ ನೋಡಿ ನನ್ನ ಆಸೆ ಏರಿತು, ಆಸೆ ಏರಿದಷ್ಟೂ ಗಾಬರಿ ಏರಿತು. ಅತ್ತ ಹಟ್ಟಿಯವಳ ಆಟ ದಿನದಿಂದ ದಿನಕ್ಕೆ ಕೆಡುತ್ತಿತ್ತು. ಒಂದೊಂದು ಚೆಂಡು ಜಾಲಿಗಿಡಕ್ಕೆ ಹೋದಾಗಲೂ ತಿರುಗಿ ನೋಡಿ, "ಅವಳು ಬರಲ್ವಾ ಮಿಸ್?" ಎನ್ನುತ್ತಿದ್ದಳು.

ಮ್ಯಾಚಿನ ದಿನ ಬೆಳಿಗ್ಗೆ ಮೊಳಕಾಲ್ಮೂರಿನ ಮೈದಾನದಲ್ಲಿ ಉಳಿದ ಮಕ್ಕಳು ಬೂಟು ಕಟ್ಟುತ್ತಿದ್ದಾಗ ನಾನು ಎಡಗಾಲಿನವಳನ್ನು ಧ್ವಜಕಟ್ಟೆಯ ಹತ್ತಿರ ಕರೆದೆ. ಕಟ್ಟೆಯ ಮೇಲಿಂದ ಎಡಗಾಲೊಂದರಲ್ಲೇ ಕೆಳಗೆ ನೆಗೆಯಬೇಕು. ಕೈ ಮೊಣಕಾಲಿಗೆ ಹೋದರೆ ಆಟವಿಲ್ಲ, ಹೋಗದಿದ್ದರೆ ಆಡಿಸುವುದು. ಹೀಗೆಂದು ನನ್ನಷ್ಟಕ್ಕೆ ನಾನೇ ಕಟ್ಟಳೆ ಮಾಡಿಕೊಂಡಿದ್ದೆ, ಯಾರಿಗೂ ಹೇಳಿರಲಿಲ್ಲ. ಅಪ್ಪ ಮತ್ತು ಸಾಹುಕಾರರು ಆಗಲೇ ಕಾರಿನಲ್ಲಿ ಬಂದು ಹುಣಸೆಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಅಪ್ಪ ಹೊಸ ಅಂಗಿ ಹಾಕಿದ್ದರು.

ಅವಳು ನೆಗೆದಳು. ನೆಲ ಮುಟ್ಟಿದಾಗ ಮೈ ಒಂದಿಷ್ಟು ಬಲಕ್ಕೆ ವಾಲಿತು. ಕೈ ಇಳಿಯಲಿಲ್ಲ. ಎರಡೂ ಕೈಗಳನ್ನು ಜರ್ಸಿಯ ಅಂಚಿಗೆ ಬಿಗಿಯಾಗಿ ಹಿಡಿದುಕೊಂಡಿದ್ದಳು.

"ನೋವಿಲ್ಲ ಮಿಸ್" ಎಂದಳು.

ನಾನು ಕೇಳಿರಲಿಲ್ಲ. ಕೇಳುವ ಮೊದಲೇ ಬಂದ ಆ ಉತ್ತರದಲ್ಲಿ ನನಗೆ ಎಲ್ಲ ತಿಳಿಯಿತು. ಯಾರೂ ಹೇಳದೆಯೇ ಅವಳಿಗೆ ನನ್ನ ಕಟ್ಟಳೆ ಗೊತ್ತಾಗಿತ್ತು, ನನ್ನ ಕಣ್ಣು ಎಲ್ಲಿದೆಯೆಂಬುದೂ ಗೊತ್ತಿತ್ತು. ಸರ್ಕಲ್ಲಿನ ಫ್ಲೆಕ್ಸಿಗೆ ತಕ್ಕ ಹಾಗೆ ಇರಲು ಆ ಮಗು ತನ್ನ ಕೈಯನ್ನು ತಾನೇ ಕಟ್ಟಿಹಾಕಿಕೊಂಡಿತ್ತು. ಇಂಥ ಹುಡುಗಿ ಮೈದಾನದಲ್ಲಿ ಕಾಲು ಕಿತ್ತು ಬಂದರೂ ಹೇಳುವುದಿಲ್ಲ.

"ಜಾಕೆಟ್ ಹಾಕ್ಕೋ. ನನ್ನ ಪಕ್ಕ ಕೂತ್ಕೋ" ಎಂದೆ.

ಅವಳು ಅಳಲಿಲ್ಲ. ಅತ್ತಿದ್ದರೆ ನಾನು ಸೋಲುತ್ತಿದ್ದೆನೇನೋ. ಬೆಂಚಿನ ತುದಿಗೆ ಹೋಗಿ, ಮೈದಾನಕ್ಕೆ ಬೆನ್ನು ಹಾಕಿ, ನುಂಕಪ್ಪನ ಬೆಟ್ಟದ ಕಡೆ ಮುಖ ಮಾಡಿ ಕೂತಳು. ಆರಿಸಲು ಬಂದವರಿಗೆ ಹೋಗಿ ಹೇಳಿದೆ. ಅವರು ಕೈಗಡಿಯಾರ ನೋಡಿಕೊಂಡು, "ಆ ವಿಡಿಯೋ ನೋಡಿದ ಮೇಲೆ ಅವಳನ್ನೇ ನೋಡೋಕೆ ಇಷ್ಟು ದೂರ ಬಂದದ್ದು" ಎಂದರು. "ಇನ್ನೊಬ್ಬಳಿದ್ದಾಳೆ" ಎಂದೆ. ಹುಣಸೆಮರದ ಕಡೆ ನೋಡುವ ಧೈರ್ಯವಾಗಲಿಲ್ಲ.

ಮೊದಲರ್ಧದಲ್ಲಿ ನನ್ನ ನಿರ್ಧಾರ ಇಬ್ಬರನ್ನೂ ಮುಳುಗಿಸಿತೆಂದೇ ತಿಳಿದೆ. ಹಟ್ಟಿಯವಳು ಕೊಟ್ಟ ಚೆಂಡುಗಳು ಖಾಲಿ ಜಾಗಕ್ಕೆ ಹೋಗಿ ಗೆರೆ ದಾಟಿದವು. ಎಡಗಾಲಿನವಳ ಬದಲು ಮುಂದೆ ಆಡುತ್ತಿದ್ದ ಹುಡುಗಿ ಚೆಂಡು ಕಾಲಿಗೇ ಬರಲಿ ಎಂದು ನಿಂತಲ್ಲೇ ನಿಲ್ಲುತ್ತಿದ್ದಳು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಮೊಳಕಾಲ್ಮೂರಿನವರು ಎರಡು ಗೋಲು ಹೊಡೆದರು. ಆರಿಸುವವರು ಫೋನಿನಲ್ಲಿ ಯಾರೊಂದಿಗೋ ಮಾತಾಡುತ್ತಿದ್ದರು.

ಎರಡನೇ ಅರ್ಧ ಶುರುವಾದ ಮೇಲೆ ಪಕ್ಕದಿಂದ ಒಂದು ಕೂಗು ಬಂತು. "ನಿಂತ್ಕಬ್ಯಾಡ್ವೇ. ಅವಳು ತಿರುಗಿ ನೋಡಿದ್ಲು ಅಂದ್ರೆ ಕೊಡ್ತಾಳೆ ಅಂತ. ಓಡು, ಬಾಲ್ ಬರ್ತೈತೆ."

ಎಡಗಾಲಿನವಳು ಯಾವಾಗ ಮೈದಾನದ ಕಡೆ ತಿರುಗಿದಳೋ ನಾನು ನೋಡಿರಲಿಲ್ಲ. ಬೆಂಚಿನ ತುದಿಗೆ ಬಂದು, ಮುಂದೆ ಆಡುವ ಹುಡುಗಿಗೆ ಹೇಳುತ್ತಿದ್ದಳು. ಹಟ್ಟಿಯವಳು ಬಲಭುಜದ ಮೇಲಿಂದ ನೋಡಿದರೆ ಯಾವ ಕಡೆ, ಎಡಭುಜದ ಮೇಲಿಂದ ನೋಡಿದರೆ ಯಾವ ಕಡೆ, ಎಲ್ಲ ಅವಳಿಗೆ ಬಾಯಿಪಾಠ. ನನ್ನ ಬೆರಳು ಕಾಣದವಳು ಹಟ್ಟಿಯವಳ ಕತ್ತಿನ ತಿರುವನ್ನು ಕಂಡಿದ್ದಳು. ಆ ಹುಡುಗಿ ಅರೆಮನಸ್ಸಿನಿಂದ ಓಡಿದಳು. ಚೆಂಡು ಬಂದು ಅವಳ ಮುಂದೆಯೇ ಬಿತ್ತು. ಆಶ್ಚರ್ಯಕ್ಕೆ ಎಡವಿ ಅದನ್ನು ಕಳೆದುಕೊಂಡಳು. ಮತ್ತೊಮ್ಮೆ ಓಡಿದಳು, ಮತ್ತೆ ಬಂತು. ಆಮೇಲೆ ಓಡುವುದನ್ನು ನಿಲ್ಲಿಸಲೇ ಇಲ್ಲ. ಒಂದು ಗೋಲು ಹೊಡೆದೆವು. ಮ್ಯಾಚ್ ಸೋತೆವು. ಆದರೆ ಆರಿಸುವವರ ಫೋನು ಜೇಬು ಸೇರಿತ್ತು.

ಆಟ ಮುಗಿದ ಮೇಲೆ ಅವರು ಹಟ್ಟಿಯವಳನ್ನು ಪಕ್ಕಕ್ಕೆ ಕರೆದು ಮಾತಾಡಿಸಿದರು. ನನ್ನ ಹತ್ತಿರ ಬಂದು, "ಇವಳನ್ನು ಕರ್ಕೊಳ್ತೀನಿ. ಇವಳು ಚೆಂಡು ಬರೋ ಮೊದಲೇ ಆಡಿ ಮುಗಿಸಿರ್ತಾಳೆ. ಕೂತ್ಕೊಂಡು ಕೂಗ್ತಿದ್ದಳಲ್ಲ, ಅವಳೇನಾ ಎಡಗಾಲಿನವಳು?" ಎಂದರು.

"ಹೌದು."

"ಕಾಲು ಪೂರ್ತಿ ವಾಸಿಯಾಗಲಿ. ಮುಂದಿನ ವರ್ಷ ಈ ಕಡೆ ಬಂದರೆ ನೋಡ್ತೀನಿ. ಮಾತು ಕೊಡಲ್ಲ."

ಅಪ್ಪ ನನ್ನನ್ನು ಬೈಯಲಿಲ್ಲ. ಬಂದು, "ನೋವಿಲ್ಲ ಅಂತ ಅವಳೇ ಹೇಳಿದ್ಲಂತಲ್ರಿ ಮೇಡಂ" ಎಂದಷ್ಟೇ ಹೇಳಿ ಕಾರಿನ ಕಡೆ ಹೋದರು. ಬೈದಿದ್ದರೆ ಹಗುರವಾಗುತ್ತಿತ್ತು.

ಮಕ್ಕಳೆಲ್ಲ ಟೆಂಪೋದಲ್ಲಿ ಹೊರಟೆವು. ನಾನು ತಲೆ ಎಣಿಸಲಿಲ್ಲ. ಬಿ.ಜಿ. ಕೆರೆಯ ಬಸ್‌ಸ್ಟ್ಯಾಂಡಿನಲ್ಲಿ ಹಟ್ಟಿಯವಳ ತಾಯಿ ಕಾದು ನಿಂತಿದ್ದರು. ಮಗಳು ಕಿಟಕಿಯಿಂದ ವಿಷಯ ಹೇಳಿದಾಗ, "ಅಲ್ಲಿ ಅನ್ನಂ ಬಾಗ ಹಾಕ್ತಾರೇನಮ್ಮಾ?" ಎಂದು ನನ್ನನ್ನು ಕೇಳಿದರು. ಹೊಟ್ಟೆ ತುಂಬ ಹಾಕ್ತಾರೆ ಎಂದೆ. "ಹಂಗಾದ್ರೆ ಹೋಗ್ಲಿ" ಎಂದು ಸೆರಗಿನಿಂದ ಮುಖ ಒರೆಸಿಕೊಂಡರು. ಟೆಂಪೋ ಮತ್ತೆ ಹೊರಟ ಮೇಲೆ ಹಟ್ಟಿಯವಳು ನನ್ನ ಹತ್ತಿರ ಸರಿದು ಸಣ್ಣ ದನಿಯಲ್ಲಿ, "ನಾನು ಹೋದ್ರೆ ಅವಳಿಗೆ ಬಾಲ್ ಯಾರು ಕೊಡ್ತಾರೆ ಮಿಸ್?" ಎಂದಳು.

ಮುಂದಿನ ಸೀಟಿನಲ್ಲಿದ್ದ ಎಡಗಾಲಿನವಳು ತಿರುಗದೆಯೇ ಹೇಳಿದಳು. "ಹೋಗೇ ನೀನು. ಬಾಲ್ ಗ್ವಾಡೆನೂ ಕೊಡ್ತೈತೆ."

ಆ ಮೇಲಿನ ದಿನಗಳು ನನಗೆ ಕೆಟ್ಟವು. ಫ್ಲೆಕ್ಸ್ ಹಾಗೇ ಇತ್ತು, ಬಿಚ್ಚಿದರೆ ಸೋತದ್ದು ಒಪ್ಪಿದಂತೆ ಎಂದು ಯಾರೂ ಮುಟ್ಟಲಿಲ್ಲ. "ಸರ್ಕಲ್ ದಾರಿ ಬಿಟ್ಟೀನಿ ಮೇಡಂ" ಎಂದು ಅಪ್ಪ ಒಂದು ದಿನ ಹೇಳಿದರು. "ಆಟೋ ಹತ್ತಿದೋರೆಲ್ಲ, ಮಗಳು ಯಾವಾಗ ಹೋಗ್ತಾಳೆ ಅಂತ ಕೇಳ್ತಾರೆ." ಎಡಗಾಲಿನವಳು ಮೈದಾನಕ್ಕೆ ಬರುವುದನ್ನೇ ಬಿಟ್ಟಳು. ತರಗತಿಯಲ್ಲಿ ಎದುರಾದರೆ ಕಣ್ಣು ತಗ್ಗಿಸುತ್ತಿದ್ದಳು. 'ಏನೂ ಆಗದೇ ಇರಬಹುದು' ಎಂದಿದ್ದರಲ್ಲ ಡಾಕ್ಟರು. ಆಡಿದ್ದರೆ ಏನೂ ಆಗದೇ ಇರುತ್ತಿತ್ತೇನೋ. ಆಡದೇ ಇದ್ದವಳ ವಿಷಯದಲ್ಲಿ ಇದನ್ನು ಯಾರೂ ಕಂಡುಹಿಡಿಯುವಂತಿಲ್ಲ. ನನ್ನ ತೀರ್ಮಾನ ಸರಿಯೋ ತಪ್ಪೋ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ, ಇನ್ನೊಮ್ಮೆ ಬಂದರೂ ಅದನ್ನೇ ಮಾಡುತ್ತೇನೆಂಬುದು ಗೊತ್ತು.

ಹಟ್ಟಿಯವಳು ಟ್ರಂಕು ಹಿಡಿದು ಹೊರಟ ವಾರವೇ ಇರಬೇಕು, ಸಾಮಾನಿನ ಕೋಣೆಯ ಹಿಂದೆ ಧಡ್ ಧಡ್ ಸದ್ದು ಕೇಳಿತು. ಹೋಗಿ ನೋಡಿದರೆ ಎಡಗಾಲಿನವಳು ಗೋಡೆಗೆ ಚೆಂಡು ಒದೆಯುತ್ತಿದ್ದಳು, ಬಲಗಾಲಿನಲ್ಲಿ. ಚೆಂಡು ಅಡ್ಡಾದಿಡ್ಡಿ ಹೋಗುತ್ತಿತ್ತು. ಅವಳ ಬೆನ್ನ ಹಿಂದೆ ನಿಂತು ಬೆರಳೆತ್ತಿದೆ. ಚೆಂಡು ಗೋಡೆಯಿಂದ ಮರಳುವಷ್ಟರಲ್ಲಿ ಅವಳ ತಲೆ ಒಮ್ಮೆ ಹಿಂದಕ್ಕೆ ತಿರುಗಿತು. "ಮೂರು" ಎಂದಳು. ಎರಡಾಗಿತ್ತು. ದಿನಾ ಹೀಗೇ ನಡೆಯಿತು. ಎಡಗಾಲಿಗೆ ನೆಲದ ಮೇಲೆ ಕೂತು ಮಾಡುವ ವ್ಯಾಯಾಮ, ಬಲಗಾಲಿಗೆ ಗೋಡೆ, ಕಣ್ಣಿಗೆ ನನ್ನ ಬೆರಳು. ಗೋಡೆಯ ಮೇಲಿನ ಇದ್ದಿಲ ಗುರುತುಗಳು ಮೆಲ್ಲಗೆ ಹತ್ತಿರ ಹತ್ತಿರವಾದವು. ಅವಳು ಉದ್ದವಾಗುವುದು ನಿಧಾನವಾಗಿತ್ತು.

ಒಂದು ಸಂಜೆ ಅಪ್ಪನ ಆಟೋ ಮೈದಾನದೊಳಕ್ಕೇ ಬಂತು. ಮೇಲೆ ಸುರುಳಿ ಸುತ್ತಿದ ಫ್ಲೆಕ್ಸ್. "ಗಾಳಿಗೆ ಹರೀತಿತ್ತು ಮೇಡಂ. ನಾನೇ ಹತ್ತಿ ಬಿಚ್ಚಿದೆ. ಟಗರಿಗೆ ನೆರಳಿಗಾದ್ರೂ ಆಗ್ತೈತೆ" ಎಂದರು. ಆ ಟಗರನ್ನು ಕಡಿಯಲು ಅವರಿಗೆ ಮನಸ್ಸು ಬಂದಿರಲಿಲ್ಲ.

"ಗೋಲ್ ಹಿಂದೆ ಕಟ್ಟಪ್ಪ" ಎಂದಳು ಮಗಳು. "ಬಾಲ್ ಜಾಲಿಗಿಡಕ್ಕೆ ಹೋಗಲ್ಲ."

ಕಟ್ಟಿದೆವು. ಡಾಕ್ಟರು ಸ್ವಲ್ಪ ಸ್ವಲ್ಪ ಆಡಲಿ ಎಂದ ಮೇಲೆ ಅವಳು ಎಡಗಾಲಲ್ಲಿ ಮೊದಲು ಒದ್ದದ್ದು ಆ ಗೋಲಿಗೇ. ಚೆಂಡು ಕೈಮುಗಿದ ಸಾಹುಕಾರರ ಮೇಲೆ ಬಿದ್ದು ಕೆಳಗುರುಳಿತು, ಅವಳ ಅಪ್ಪನೇ ಮೊದಲು ನಕ್ಕರು. ಬಲಗಾಲಲ್ಲೂ ಒದ್ದಳು, ಅದೂ ಹೋಗಿ ತಗುಲಿತು. ನಾನು ಮಾತ್ರ ಚೆಂಡು ನೋಡುತ್ತಿರಲಿಲ್ಲ, ಅವಳ ಕೈ ನೋಡುತ್ತಿದ್ದೆ. ಕೈ ಕೆಳಗಿಳಿಯಲಿಲ್ಲ. ಜರ್ಸಿಯ ಅಂಚನ್ನೂ ಹಿಡಿದಿರಲಿಲ್ಲ.

ಇನ್ನೊಂದಿಷ್ಟು ಒದ್ದ ಮೇಲೆ ಅವಳು ನಿಂತಳು. ಚೆಂಡನ್ನು ಕಂಕುಳಲ್ಲಿಟ್ಟುಕೊಂಡು ನನ್ನ ಕಡೆ ಬಂದಳು. "ಸ್ವಲ್ಪ ನೋವೈತೆ ಮಿಸ್. ಇವತ್ತಿಗೆ ಸಾಕು" ಎಂದು ನನ್ನ ಪಕ್ಕ ಬೆಂಚಿನ ಮೇಲೆ ಕೂತು ಬೂಟಿನ ಲೇಸು ಬಿಚ್ಚಿದಳು.

ಆರಿಸುವವರು ಮುಂದಿನ ವರ್ಷ ಬರುತ್ತಾರೋ ಇಲ್ಲವೋ ತಿಳಿಯದು. ಬಂದು ಕೇಳಿದರೆ ನಾನು 'ಅರ್ಧ ಮೈದಾನದಿಂದ ಗೋಲ್ ಹೊಡೆದವಳು' ಎನ್ನುವುದಿಲ್ಲ. ಈ ಹುಡುಗಿ ನೋವಾದರೆ ಹೇಳುತ್ತಾಳೆ ಎಂದು ಮೊದಲು ಹೇಳುತ್ತೇನೆ.